ಕಪ್ಪು ನಾಯಿಗಳ ಬುರುಲ್

ಬುರುಲ್ ತನ್ನ ಮುಖ ನೋಡಿಕೊಳ್ಳಲು ಕನ್ನಡಿ ಇಟ್ಟುಕೊಂಡವಳಲ್ಲ. ಅವಳ ಕನ್ನಡಿ ಇದ್ದದ್ದು ನಾಯಿಗಳಿಗಾಗಿ. ಯಾರೋ ಬೀದಿಗೆ ಎಸೆದಿದ್ದ ಬೀರುವಿನ ಬಾಗಿಲು ಅದು. ನಡುವೆ ಆಳೆತ್ತರದ ಕನ್ನಡಿ, ಒಂದು ಮೂಲೆ ಒಡೆದಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ನನ್ನ ಅಂಗಡಿಯ ಮುಂದೆ ಹಾದುಹೋದಾಗ ಆಕಾಶದ ಒಂದು ತುಂಡಿಗೆ ಕಾಲು ಬಂದ ಹಾಗಿತ್ತು.

"ಏನೇ, ಮದುವೆ ಗಿದುವೆ ಗೊತ್ತಾಯ್ತಾ? ಕನ್ನಡಿ ಹೊತ್ಕೊಂಡು ಹೊರಟಿದ್ದೀಯ" ಎಂದು ಕೇಳಿದೆ.

"ನನಗಲ್ಲ ಕಣೇ ಜಿಬೆಕ್. ಹಿಂದಿನ ಸಾಲಿನವರಿಗೆ" ಎಂದಳು, ನಿಲ್ಲದೆ.

ಹಿಂದಿನ ಸಾಲಿನವರೆಂದರೆ ಕಪ್ಪು ನಾಯಿಗಳು. ಬಿಷ್ಕೆಕ್ ಪಟ್ಟಣ ಮುಗಿದು ಬಯಲು ಶುರುವಾಗುವಲ್ಲಿ ಹಳೆಯ ಕೋಳಿ ಫಾರಂ ಒಂದಿತ್ತು. ಅದರ ಶೆಡ್ಡಿನಲ್ಲಿ ಬೀದಿಪಾಲಾದ ನಾಯಿಗಳನ್ನು ತಂದು ಸಾಕುತ್ತಿದ್ದರು. ಬೇಕಾದವರು ಬಂದು, ನೋಡಿ, ಮನೆಗೆ ಕರೆದುಕೊಂಡು ಹೋಗಬಹುದು. ಬುರುಲ್ ಅಲ್ಲಿ ಗುಡಿಸುವವಳು, ಗಂಜಿ ಕಾಯಿಸುವವಳು, ಗಾಯ ತೊಳೆಯುವವಳು. ನಾನು ಅದೇ ರಸ್ತೆಯಲ್ಲಿ ತಂದೂರಿ ಒಲೆಗೆ ಹಿಟ್ಟಿನೊಳಗೆ ಮಾಂಸ ತುಂಬಿದ ಸಂಸಾ ಅಂಟಿಸಿ ಬೇಯಿಸಿ ಮಾರುವವಳು. ನನ್ನಲ್ಲಿ ಮಿಕ್ಕ ಮೂಳೆ, ಕೊಬ್ಬು ಅವಳ ಬಕೆಟ್ಟಿಗೆ ಹೋಗುತ್ತಿತ್ತು. ನಮ್ಮ ಸ್ನೇಹ ಬೆಳೆದದ್ದು ಆ ಬಕೆಟ್ಟಿನ ಹಿಡಿಯನ್ನು ಹಿಡಿದುಕೊಂಡೇ.

ನಾಯಿಮನೆಯ ಮೇಲ್ವಿಚಾರಕ ಮರಾತ್ ಕೆಟ್ಟ ಹುಡುಗನಲ್ಲ. ಆದರೆ ಅವನಿಗೂ ನನ್ನ ಹಾಗೆ ವ್ಯಾಪಾರಿಯ ಬುದ್ಧಿ. ನಾನು ಹೊಂಬಣ್ಣಕ್ಕೆ ಬೆಂದ ಸಂಸಾವನ್ನು ತಟ್ಟೆಯ ಮೇಲ್ಭಾಗದಲ್ಲಿ ಇಡುವುದಿಲ್ಲವೇ? ಹಾಗೆ ಅವನು ಬಿಳಿಯವು, ಕೆಂಚಿನವು, ಚುಕ್ಕೆಯವನ್ನೆಲ್ಲ ಗೇಟಿನ ಹತ್ತಿರ ಇಟ್ಟಿದ್ದ. ಕಪ್ಪು ನಾಯಿಗಳು ಹಿಂದೆ, ಶೆಡ್ಡಿನ ಒಳಗೆ. ಹೊರಗಿನ ಹಿಮದ ಬೆಳಕಿನಿಂದ ಒಳಗೆ ಬಂದವರಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಎಷ್ಟೋ ಜನ ಜಾಲರಿಗೆ ಮುಖ ಒತ್ತಿ, "ಇದು ಖಾಲಿನಾ?" ಎಂದು ಕೇಳಿ ಮುಂದೆ ಹೋಗಿದ್ದನ್ನು ನಾನೇ ನೋಡಿದ್ದೇನೆ. ಒಳಗೆ ಒಂದು ಜೀವ ಎದ್ದು ನಿಂತು ಬಾಲ ಅಲ್ಲಾಡಿಸುತ್ತಿರುತ್ತಿತ್ತು.

ಮರಾತ್ ಫೋನಿನಲ್ಲಿ ಫೋಟೋ ತೆಗೆದು ಹಾಕುತ್ತಿದ್ದ. ಕೆಂಚನ ಫೋಟೋದಲ್ಲಿ ಕಣ್ಣು, ಹುಬ್ಬು, ನಗು ಎಲ್ಲ ಕಾಣುತ್ತಿದ್ದವು. ಕರಿಯನ ಫೋಟೋ ಮಸಿ ಚೆಲ್ಲಿದ ಹಾಗೆ. ಇನ್ನು ಕಣ್ಣಾರೆ ಕಂಡವರಿಗೂ ಒಂದೊಂದು ನೆಪ. ಕಪ್ಪು ನಾಯಿ ಇರೋದಕ್ಕಿಂತ ದೊಡ್ಡದಾಗಿ ಕಾಣತ್ತೆ. ಅದರ ಮನಸ್ಸಿನಲ್ಲಿ ಏನಿದೆ ಅಂತ ಮುಖ ನೋಡಿ ತಿಳಿಯಲ್ಲ. ನಮ್ಮತ್ತೆ ಒಪ್ಪಲ್ಲ. ಮನೆಗೆ ಒಳ್ಳೆಯದಲ್ಲ. ಇದನ್ನೆಲ್ಲ ಹೇಳುವ ಗಂಡಸರು ಕಪ್ಪು ಕಾರಿನಲ್ಲೇ ಬಂದಿರುತ್ತಿದ್ದರು, ಕಪ್ಪು ಕೋಟು ತೊಟ್ಟಿರುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಬುರುಲ್ ಬಾಯಿ ಮಾಡುವವಳಲ್ಲ. ಅವಳು ಕನ್ನಡಿ ತಂದಳು. ಬೆಳಿಗ್ಗೆ ಬೆಟ್ಟದ ಮೇಲೆ ಸೂರ್ಯ ಹತ್ತಿದ ಮೇಲೆ ಅದನ್ನು ಅಂಗಳದಲ್ಲಿ ನಿಲ್ಲಿಸಿ ಮೆಲ್ಲಗೆ ಓರೆ ಮಾಡುತ್ತಿದ್ದಳು. ಶೆಡ್ಡಿನ ಕತ್ತಲೆಯೊಳಗೆ ಬಿಸಿಲಿನ ಒಂದು ಚೌಕ ಬಿದ್ದು ಗೋಡೆಯ ಮೇಲೆ ನಡೆಯತೊಡಗುತ್ತಿತ್ತು. ಅದು ಹೋದಲ್ಲೆಲ್ಲ ನಾಯಿಗಳು ಒಂದೊಂದಾಗಿ ಇಲ್ಲದಲ್ಲಿಂದ ಹುಟ್ಟಿ ಬರುತ್ತಿದ್ದವು. ಕಪ್ಪು ಒಂದೇ ಬಣ್ಣ ಎಂದುಕೊಂಡಿದ್ದವಳು ನಾನು. ಒಂದರ ಬೆನ್ನಿನಲ್ಲಿ ತಾಮ್ರವಿತ್ತು. ಇನ್ನೊಂದರ ಕತ್ತಿನಲ್ಲಿ ನೀಲಿ. ಮುದಿ ಹೆಣ್ಣುನಾಯಿಯೊಂದರ ಕಪ್ಪಿನ ಅಡಿಯಲ್ಲಿ ಬೆಳ್ಳಿ ಬಿದ್ದಿತ್ತು. ಅವು ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಧೂಳಿನ ಕಣಗಳ ನಡುವೆ, ನೀರಿನೊಳಗೆ ನಿಂತಂತೆ ನಿಂತಿರುತ್ತಿದ್ದವು. ಒಲೆಯಲ್ಲಿ ಸಂಸಾ ಸೀಯುತ್ತಿದೆ ಎಂಬುದನ್ನೂ ಮರೆತು ನಾನು ನೋಡುತ್ತ ನಿಂತ ದಿನಗಳುಂಟು.

ಅವಳು ನರಿನ್ ಕಡೆಯ ಬೆಟ್ಟದವಳು, ಕುರಿ ಕಾಯುವವನ ಮಗಳು. ಮದುವೆಯಾಗಿ ಪಟ್ಟಣಕ್ಕೆ ಬಂದಳು, ಹೊಲಿಗೆ ಕಾರ್ಖಾನೆಯಲ್ಲಿ ದುಡಿದಳು. ಮಕ್ಕಳಾಗಲಿಲ್ಲ. ಗಂಡ ಕೆಲಸ ಹುಡುಕಿಕೊಂಡು ಮಾಸ್ಕೋಗೆ ಹೋದ, ಅಲ್ಲೇ ಇನ್ನೊಬ್ಬಳ ಗಂಡನಾದ. ಇದನ್ನು ಅವಳು ನನಗೆ ಹೇಳಿದ್ದು ಮೂಳೆ ಒಡೆಯುತ್ತ, ಬೇರೆ ಯಾರದೋ ಸುದ್ದಿ ಎಂಬಂತೆ. ನಾನು ಅವನಿಗೆ ಬೈಯಬೇಕಾದ್ದನ್ನೆಲ್ಲ ಬೈದೆ. ಅವಳು, "ಬಿಡೇ, ಅವನಿಗೂ ಚಳಿ ಆಗ್ತಿತ್ತೇನೋ" ಎಂದಳು. ಇಂಥ ಹೆಂಗಸಿಗೆ ಏನು ಹೇಳುವುದು?

ಬೆಟ್ಟದ ವಿಷಯ ಬಂದರೆ ಮಾತ್ರ ಅವಳ ದನಿ ಬೇರೆಯಾಗುತ್ತಿತ್ತು. ಅವಳ ಅಪ್ಪ ಕಪ್ಪು ನಾಯಿಗಳನ್ನೇ ಸಾಕುತ್ತಿದ್ದನಂತೆ. "ಹಿಮ ಬಿದ್ದಾಗ ಬಿಳಿ ನಾಯಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅನ್ನುತ್ತಿದ್ದನಂತೆ. ಮಂಜು ಕವಿದು ಮೇಲೆ ಕೆಳಗೆ ಎಲ್ಲ ಬಿಳಿಯಾದಾಗ, ದೂರದಲ್ಲಿ ಒಂದು ಕಪ್ಪು ಚುಕ್ಕೆ ಅಲ್ಲಾಡಿದರೆ ಕುರಿ ಅಲ್ಲಿದೆ, ಅಪ್ಪ ಅಲ್ಲಿದ್ದಾನೆ, ಬಿಸಿ ಚಹಾ ಅಲ್ಲಿದೆ ಎಂದರ್ಥ. ಆ ಚುಕ್ಕೆಯನ್ನು ನೋಡಿಕೊಂಡೇ ಅವಳು ಹುಡುಗಿಯಾಗಿದ್ದಾಗ ಮನೆ ಸೇರುತ್ತಿದ್ದಳು. ಮನೆ ತೋರಿಸುತ್ತಿದ್ದ ಪ್ರಾಣಿಗೆ ಪಟ್ಟಣದಲ್ಲಿ ಮನೆಯೇ ಸಿಗುತ್ತಿಲ್ಲವಲ್ಲ ಎಂಬುದು ಅವಳ ಸಂಕಟ.

ಆ ಚಳಿಗಾಲದಲ್ಲಿ ಫಾರಂ ಜಾಗ ಮಾರಾಟವಾಯಿತು. ವಸಂತದ ನವರೋಜ್ ಹಬ್ಬಕ್ಕೆ ಮೊದಲು ಖಾಲಿ ಮಾಡಬೇಕು. ಸಿಕ್ಕ ಹೊಸ ಜಾಗ ಒಂದು ಸಣ್ಣ ಹಿತ್ತಲು. ಮರಾತ್ ತಲೆ ಕೆರೆದುಕೊಳ್ಳುತ್ತ ಬಂದು ಹೇಳಿದ.

"ಬುರುಲಕ್ಕ, ಎಲ್ಲರನ್ನೂ ಕರ್ಕೊಂಡು ಹೋಗಕ್ಕಾಗಲ್ಲ. ಜನ ಕೇಳೋವಂಥವು ಮಾತ್ರ. ಮಿಕ್ಕಿದ್ದನ್ನ ನಾಯಿ ಹಿಡಿಯೋರ ವ್ಯಾನಿಗೆ ಕೊಡಬೇಕಾಗತ್ತೆ."

"ವ್ಯಾನಿನವರು ಎಲ್ಲಿಗೆ ಕರ್ಕೊಂಡು ಹೋಗ್ತಾರೆ?" ಎಂದಳು ಬುರುಲ್. ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ವ್ಯಾನು ಹತ್ತಿದ ನಾಯಿ ತಿರುಗಿ ಬಂದದ್ದಿಲ್ಲ.

ಅಂದಿನಿಂದ ಅವಳು ಕಪ್ಪು ನಾಯಿಗಳನ್ನು ಹಗ್ಗ ಹಾಕಿ ಮನೆಮನೆಗೆ ಕರೆದೊಯ್ದಳು. ಇದ್ದಿಲು ಮಾರುವವನಿಗೆ ಒಂದನ್ನು ಒಪ್ಪಿಸಿದಳು. ಅವನ ಅಂಗಳದಲ್ಲಿ ಅದರ ಬಣ್ಣ ಯಾರಿಗೂ ತೋರುವ ಹಾಗಿರಲಿಲ್ಲ. ಗೋದಾಮಿನ ಕಾವಲುಗಾರನಿಗೆ ಒಂದು. ನನ್ನ ತಲೆಗೆ ಎರಡು ಕಟ್ಟಿದಳು. ಮೂರನೆಯದು ಬಂದರೆ ತಾನು ಹೋಗಿ ನಾಯಿಮನೆಯಲ್ಲಿ ಮಲಗುತ್ತೇನೆ ಎಂದ ನನ್ನ ಗಂಡ. ಕಡೆಗೆ ಹಿಂದಿನ ಸಾಲಿನಲ್ಲಿ ಉಳಿದವನು ಕೊಮುರ್ ಒಬ್ಬನೇ. ಕೊಮುರ್ ಎಂದರೆ ನಮ್ಮಲ್ಲಿ ಕಲ್ಲಿದ್ದಲು.

ಎಲ್ಲಕ್ಕಿಂತ ದೊಡ್ಡವನು, ಎಲ್ಲಕ್ಕಿಂತ ಕಪ್ಪನೆಯವನು. ಹುಡುಗರು ಕಲ್ಲು ಹೊಡೆದು ಪಕ್ಕೆ ಮುರಿದು ಹಾಕಿದ್ದಾಗ ಬುರುಲ್ ಅವನನ್ನು ತಳ್ಳುಗಾಡಿಯಲ್ಲಿ ತಂದವಳು. ಅವನಿಗೊಂದು ಅಭ್ಯಾಸ. ಅವಳು ನಿಂತರೆ ಬಂದು ಅವಳ ಪಾದದ ಮೇಲೆ ಕೂತು, ಮೈಯನ್ನು ಅವಳ ಮೊಣಕಾಲಿಗೆ ಒರಗಿಸಿ ಕಣ್ಣು ಮುಚ್ಚುತ್ತಿದ್ದ. ಅವಳು ಕೆಲಸ ಬಿಟ್ಟು ಹಾಗೇ ನಿಂತಿರುತ್ತಿದ್ದಳು. ಅವಳೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ಅವಳಿದ್ದದ್ದು ಬಾಡಿಗೆಯ ಒಂದು ಕೋಣೆಯಲ್ಲಿ. ಬಾಗಿಲಿಗೆ ಬೆಕ್ಕು ಬಂದರೂ ಮನೆಯೊಡತಿ ಪೊರಕೆ ಹಿಡಿಯುವವಳು.

ಹೀಗಿರುವಾಗ ತೊಕ್ತೊಬೂಬು ಅಜ್ಜಿ ಬಂದಳು. ಬಯಲಿನ ಆಚೆಯ ಹೊಸ ಬಡಾವಣೆಯಲ್ಲಿ ಮಗನ ಸ್ವಂತ ಮನೆ, ದೊಡ್ಡ ಅಂಗಳ. ಮೊಮ್ಮಗಳು ಆಯ್ಪೆರಿಗೆ ನಲವತ್ತು ದಿನ ತುಂಬುವುದಿತ್ತು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಮೊದಲು ತೊಡಿಸುವ ಅಂಗಿಗೆ ನಾಯಿ ಅಂಗಿ ಎಂದೇ ಹೆಸರು. ನಲವತ್ತನೆಯ ದಿನ ಮಗುವಿಗೆ ನಲವತ್ತು ಚಮಚ ನೀರು ಹೊಯ್ದು, ಆ ಅಂಗಿಯನ್ನು ಬಿಚ್ಚಿ, ಅದರೊಳಗೆ ಮಿಠಾಯಿ ಸುತ್ತಿ ನಾಯಿಯ ಕೊರಳಿಗೆ ಕಟ್ಟಿ ಓಡಿಸುತ್ತಾರೆ. ಓಣಿಯ ಮಕ್ಕಳು ಅಟ್ಟಿಸಿಕೊಂಡು ಹೋಗಿ ಅಂಗಿ ಕಿತ್ತುಕೊಂಡು ಮಿಠಾಯಿ ಹಂಚಿಕೊಳ್ಳುತ್ತಾರೆ. ಹಳ್ಳಿಯಲ್ಲಿ ನಾಯಿಗೆ ಬರವೇ? ಪಟ್ಟಣದವರು ಮಾತ್ರ ಒಂದು ಗಳಿಗೆಗೆ ನಾಯಿ ಕೇಳಿಕೊಂಡು ನಾಯಿಮನೆಗೆ ಬರುತ್ತಿದ್ದರು.

ಅಜ್ಜಿ ಗೇಟಿನಲ್ಲೇ ನಿಂತು ಕೆಂಚನನ್ನು ಆರಿಸಿದಳು. "ಇದು ಚೆನ್ನಾಗಿದೆ, ಬೆಣ್ಣೆ ಹಚ್ಚಿದ ರೊಟ್ಟಿ ಹಾಗಿದೆ. ನೋಡಮ್ಮ, ಮಗುವಿನ ನಲವತ್ತು ದಿನದ ಕೇಡೆಲ್ಲ ಆ ನಾಯಿ ಹೊತ್ಕೊಂಡು ಹೋಗತ್ತೆ. ಆಮೇಲೆ ಅದು ನೆಟ್ಟಗಿರಬೇಕು. ಅದಕ್ಕೇನಾದ್ರೂ ಆಯ್ತೋ, ಹೊತ್ತಿದ್ದೆಲ್ಲ ವಾಪಸ್ ತೊಟ್ಟಿಲಿಗೇ ಬರತ್ತೆ. ಗಟ್ಟಿಮುಟ್ಟಾಗಿರೋದನ್ನೇ ಕೊಡು."

"ಗಟ್ಟಿಮುಟ್ಟಾಗಿರೋದನ್ನೇ ಕೊಡ್ತೀನಿ ಅಮ್ಮ" ಎಂದಳು ಬುರುಲ್. ಗಂಜಿಯ ಸೌಟು ಅವಳ ಕೈಯಲ್ಲಿ ನಿಂತೇ ಹೋಗಿತ್ತು. ಅವಳ ಮುಖದಲ್ಲಿ ಅದುವರೆಗೆ ನಾನು ಕಾಣದ ಒಂದು ಕಳ್ಳಕಳೆ ಬಂದುಹೋಯಿತು. ಹಸುವಿನಂಥ ಹೆಂಗಸು, ನನಗೆ ಆಗ ಅರ್ಥವಾಗಲಿಲ್ಲ.

ಶಾಸ್ತ್ರದ ದಿನ ಬೆಳಿಗ್ಗೆ ನಾನು ಅಜ್ಜಿಯ ಮನೆಗೆ ಒಪ್ಪಿಕೊಂಡಿದ್ದ ಸಂಸಾಗಳನ್ನು ಕಟ್ಟಿಕೊಂಡು ನಾಯಿಮನೆಗೆ ಹೋದರೆ ಕೆಂಚ ಇಲ್ಲ. ಅದನ್ನು ವಾರದಿಂದ ಕೇಳುತ್ತಿದ್ದ ಒಬ್ಬ ಮೇಷ್ಟರನ್ನು ಬುರುಲ್ ಬೆಳಗಾಗುವ ಮೊದಲೇ ಕರೆಸಿ ಒಪ್ಪಿಸಿಬಿಟ್ಟಿದ್ದಳು. ಅಷ್ಟರಲ್ಲಿ ಅಜ್ಜಿ ಮಗನ ಕಾರಿನಲ್ಲಿ ಬಂದಿಳಿದಳು.

"ಕೆಂಚ ಎಲ್ಲಿ?"

"ಅದಕ್ಕೆ ಮನೆ ಸಿಕ್ತು ಅಮ್ಮ. ಪುಣ್ಯ ಮಾಡಿತ್ತು."

"ಹಾಗಾದ್ರೆ ಆ ಬಿಳೀದು ಕೊಡು."

"ಅದು ಕಚ್ಚತ್ತೆ" ಎಂದಳು ಬುರುಲ್. ಆ ಬಿಳಿಯದಕ್ಕೆ ಹಲ್ಲೇ ಇರಲಿಲ್ಲ.

"ಚುಕ್ಕೇದು?"

"ಬಸುರಿ. ಓಡಿಸೋದು ತಪ್ಪಾಗತ್ತೆ."

ಚುಕ್ಕೆಯದು ಗಂಡು. ನಾನು ಸಂಸಾದ ಗಂಟನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ಹೀಗೆ ಒಂದೊಂದಕ್ಕೂ ಒಂದೊಂದು ರೋಗ ಅಂಟಿಸುತ್ತ ಅವಳು ಅಜ್ಜಿಯನ್ನು ಹಿಂದಿನ ಸಾಲಿಗೆ ಕರೆತಂದಳು. ಅಂಗಳದಲ್ಲಿ ಕನ್ನಡಿ ಸಿದ್ಧವಾಗಿತ್ತು. ಬಿಸಿಲಿನ ಚೌಕದೊಳಗೆ ಕೊಮುರ್ ಕೂತಿದ್ದ. ತೊಳೆದು, ಬಾಚಿ, ಮೈಯೆಲ್ಲ ಮಿನುಗುತ್ತಿತ್ತು.

ಅಜ್ಜಿ ಹೆಜ್ಜೆ ಹಿಂದಿಟ್ಟಳು. "ಅಯ್ಯೋ, ಕರೀದು. ಹಸುಗೂಸಿನ ಅಂಗಿ ಇದರ ಕೊರಳಿಗೆ ಕಟ್ಟೋದಾ? ಊರವರು ನಗಲ್ವಾ?"

"ಅಮ್ಮ, ಕೇಡು ಹೊರೋದು ತಾನೇ ಕೆಲಸ? ಬಿಳೀ ಬಟ್ಟೆ ಹಾಕ್ಕೊಂಡು ಯಾರಾದ್ರೂ ಇದ್ದಿಲು ಹೊರ್ತಾರಾ?" ಎಂದಳು ಬುರುಲ್.

ಅಜ್ಜಿ ಕಾರಿನ ಕಡೆ ನೋಡಿದಳು. ಮನೆಯಲ್ಲಿ ಕಡಾಯಿ ಕುದಿಯುತ್ತಿತ್ತು, ನೆಂಟರು ಬಂದಾಗಿತ್ತು. "ಹತ್ತಿಸು" ಎಂದಳು ಕಡೆಗೆ.

ಬಯಲಿನಲ್ಲಿ ಆ ಹೊತ್ತು ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಪಟ್ಟಣದ ಹೊಗೆ ಹಿಂದೆ ಉಳಿದಿತ್ತು. ಹಿಮ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ಬಿಳಿಯ ನಡುವೆ ಮನೆಗಳು, ಬೇಲಿ, ಓಣಿಯ ಮಕ್ಕಳು, ಎಲ್ಲ ಅರ್ಧ ಬಿಡಿಸಿ ಬಿಟ್ಟ ಚಿತ್ರದ ಹಾಗೆ. ಕರಿದ ಬೋರ್ಸೋಕ್ ಉಂಡೆಗಳ ವಾಸನೆ ಮಾತ್ರ ನಿಜ ಅನ್ನಿಸುತ್ತಿತ್ತು. ಬಾಣಂತಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಅಜ್ಜಿ ಅಂಗೈಯಗಲದ ಬಿಳಿ ಅಂಗಿಯಲ್ಲಿ ಮಿಠಾಯಿ ಸುತ್ತಿ, ಮುಖ ಅತ್ತ ತಿರುಗಿಸಿಕೊಂಡೇ ಕೊಮುರ್‌ನ ಕೊರಳಿಗೆ ಕಟ್ಟಿದಳು. ಬುರುಲ್ ಹಗ್ಗ ಬಿಚ್ಚಿದಳು.

ಕೊಮುರ್ ಓಡಲಿಲ್ಲ. ಮಕ್ಕಳು ಕೂಗಿದರು, ಚಪ್ಪಾಳೆ ತಟ್ಟಿದರು. ಅವನು ಒಮ್ಮೆ ಆ ದೊಡ್ಡ ಬಯಲನ್ನು ನೋಡಿದ. ಆಮೇಲೆ ಬಂದು ಬುರುಲ್‌ಳ ಪಾದದ ಮೇಲೆ ಕೂತು, ಮೊಣಕಾಲಿಗೆ ಒರಗಿ ಕಣ್ಣು ಮುಚ್ಚಿದ. ನೆಂಟರು ನಕ್ಕರು.

"ಓಡೋ ರಾಜ, ಓಡು" ಎಂದಳು ಬುರುಲ್. ತಳ್ಳಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ. ಅಜ್ಜಿಯ ಮುಖ ಗಂಟಾಯಿತು. "ಓಡದ ನಾಯಿಗೆ ಕಟ್ಟಿದ್ದು ಶಾಸ್ತ್ರ ಆಗಲ್ಲ. ಬಿಚ್ಚಿ. ಎರ್ಮೆಕ್, ಪಕ್ಕದ ಬೀದಿಲಿ ಯಾರ ಹತ್ರನಾದ್ರೂ ನಾಯಿ ಇದೆಯಾ ನೋಡು" ಎಂದು ಮಗನಿಗೆ ಹೇಳಿದಳು.

ಅಜ್ಜಿಯ ಕೈ ಗಂಟಿನ ಮೇಲಿತ್ತು. ಬುರುಲ್ ನನ್ನನ್ನು ನೋಡಿದಳು. ನನಗೆ ಅವಳ ಲೆಕ್ಕಾಚಾರವೆಲ್ಲ ಆಗ ಒಟ್ಟಿಗೇ ತಿಳಿಯಿತು. ಈ ಅಂಗಿ ಬಿಚ್ಚಿದರೆ ಕೊಮುರ್ ನಾಳೆ ವ್ಯಾನಿಗೆ.

ಅವಳು ಬಗ್ಗಿ ಬೇಲಿಯ ಬುಡದಿಂದ ಗಟ್ಟಿಯಾದ ಹಿಮದ ಹೆಂಟೆ ಎತ್ತಿಕೊಂಡಳು. ಎಂದೂ ದನಿ ಏರಿಸದವಳು, "ಹೋಗು, ಹಾಳಾಗಿ ಹೋಗು, ಹಚಾ" ಎಂದು ಗಂಟಲು ಹರಿಯುವಂತೆ ಕೂಗಿ ಎಸೆದಳು. ಅದು ಅವನ ಕಾಲಿನ ಬಳಿ ಬಿತ್ತು. ಅವನು ಅದನ್ನು ಮೂಸಿ ನೋಡಿ, ಆಟವೆಂದುಕೊಂಡು ಬಾಲ ಅಲ್ಲಾಡಿಸಿದ. ಎರಡನೆಯದನ್ನು ಅವಳು ಗುರಿಯಿಟ್ಟು ಹೊಡೆದಳು. ಪಕ್ಕೆಗೆ ಬಿತ್ತು, ಹಿಂದೆ ಮುರಿದಿದ್ದ ಪಕ್ಕೆಗೇ. ಅವನು ಒಂದು ಸಲ ಕುಂಯ್ ಎಂದ. ಅವಳ ಮುಖ ನೋಡಿದ. ಇವಳು ಅವಳೇ ಹೌದೋ ಎಂದು ನೋಡಿದ ಹಾಗೆ ನೋಡಿದ. ನಾನು ಮಾಂಸ ಕೊಚ್ಚುವವಳು, ಗಟ್ಟಿ ಎದೆಯವಳು. ನನಗೇ ನೋಡಲಾಗಲಿಲ್ಲ.

ಆಮೇಲೆ ಅವನು ಓಡಿದ.

ಎಂಥ ಓಟ ಅದು. ಬಿಳಿಯ ಮೇಲೆ ಬಿಳಿಯಾಗಿದ್ದ ಲೋಕದಲ್ಲಿ ಕಣ್ಣಿಗೆ ನಿಲ್ಲುತ್ತಿದ್ದದ್ದು ಅವನೊಬ್ಬನೇ. ಮಕ್ಕಳು ಮಂಜಿನೊಳಗೆ ಹೋಗಿ ಕರಗಿದರು, ಅವರ ಕೂಗು ಮಾತ್ರ ಕೇಳುತ್ತಿತ್ತು. ಕೊಮುರ್ ಮಾತ್ರ ಎಷ್ಟು ದೂರ ಹೋದರೂ ಕಾಣುತ್ತಲೇ ಇದ್ದ. ಅವನನ್ನು ನೋಡಿಕೊಂಡೇ ನಾವು ಮಕ್ಕಳು ಎಲ್ಲಿದ್ದಾರೆಂದು ತಿಳಿದೆವು. ಅವನು ದೊಡ್ಡ ಸುತ್ತು ಹಾಕಿ, ತಾನೇ ನಿಂತು, ಮಕ್ಕಳನ್ನು ಬರಗೊಟ್ಟ. ಮಕ್ಕಳೆಲ್ಲ ಅವನ ಮೇಲೆ ಬಿದ್ದರು. ಅಂಗಿ ಬಿಚ್ಚಿಕೊಂಡು ಮಿಠಾಯಿ ಹಿಮದ ಮೇಲೆ ಚೆಲ್ಲಿತು. ಅವನೂ ಅವರ ಜೊತೆ ತಲೆ ತೂರಿಸಿ ತಿಂದ. ವಾಪಸು ಬರುವಾಗ ಮಕ್ಕಳ ನಡುವೆ ಬಂದ. ಬುರುಲ್ ನಿಂತಿದ್ದ ಕಡೆಗೆ ಬರಲಿಲ್ಲ.

ಮಗುವನ್ನು ಎಲ್ಲರೂ ಹರಸಿದ ಮೇಲೆ ಬುರುಲ್ ಅಜ್ಜಿಯ ಮುಂದೆ ಹೋಗಿ ನಿಂತಳು. "ಅಮ್ಮ, ಒಂದು ಮಾತು. ನಾಯಿಮನೆ ಮುಚ್ತಾರೆ. ಇವನಿಗೆ ಮನೆ ಇಲ್ಲ. ನಾಳೆ ನಾಯಿ ಹಿಡಿಯೋರ ವ್ಯಾನು ಬರತ್ತೆ."

ಅಜ್ಜಿ ಅವಳನ್ನೇ ದಿಟ್ಟಿಸಿದಳು. ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು. "ಇದನ್ನ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕಟ್ತಿರ್ಲಿಲ್ಲ."

"ಕೂಸಿನ ಅಂಗಿ ಹೊತ್ತ ನಾಯಿನ ಕೊಲ್ಲಿಸೋದಾ? ನನ್ನ ಮೊಮ್ಮಗಳ ಕೇಡು ಹೊತ್ತಿರೋದನ್ನ?"

"ಅದಕ್ಕೇ ಹೇಳ್ತಿರೋದು ಅಮ್ಮ."

"ನಾಯಿ ಕೊರಳಿಗಲ್ಲ ಕಣೇ, ನನ್ನ ಕೊರಳಿಗೆ ಕಟ್ಟಿದೀಯ ನೀನು" ಎಂದಳು ಅಜ್ಜಿ. ಬೈಯಲು ಇನ್ನೂ ಬೇಕಾದಷ್ಟಿತ್ತು, ಬೈದಳು. ಬುರುಲ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರೆ. ತೆಗೆಯುವ ಕೈಗೆ ಚುಚ್ಚದೆ ಇರುತ್ತದೆಯೇ? ಕಡೆಗೆ ಅಜ್ಜಿ ಮಗನ ಕಡೆ ತಿರುಗಿ, "ನೋಡ್ತಾ ನಿಂತ್ಕೊಂಡ್ರೆ ಏನಾಗತ್ತೋ? ಗೋಡೆ ಪಕ್ಕ ಒಂದು ಗೂಡು ಮಾಡು. ದೊಡ್ಡದು ಮಾಡು, ಕಾಣ್ಸಲ್ವಾ ಇವನ ಗಾತ್ರ" ಎಂದಳು.

ನಾವಿಬ್ಬರೂ ಬಯಲು ದಾಟಿ ಹಿಂದಿರುಗಿದೆವು. "ಗೆದ್ದೆ ಬಿಡೇ" ಎಂದೆ. ಅವಳು ತನ್ನ ಬಲಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡವಳು ದಾರಿಯುದ್ದಕ್ಕೂ ತೆಗೆಯಲಿಲ್ಲ.

ನವರೋಜ್ ಮುಗಿದು ಬಯಲಿನಲ್ಲಿ ಹಸಿರು ಎದ್ದ ಮೇಲೆ ಒಂದು ದಿನ ಮೂಳೆ ಕಟ್ಟಿಕೊಂಡು ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ಅಂಗಳದಲ್ಲಿ ಏಪ್ರಿಕಾಟ್ ಮರ ಹೂಬಿಟ್ಟಿತ್ತು. ಅದರ ಕೆಳಗೆ ತೊಟ್ಟಿಲು, ತೊಟ್ಟಿಲ ಕೆಳಗೆ ಕೊಮುರ್. ಮೈ ತುಂಬಿಕೊಂಡಿದ್ದ. ಮೈಮೇಲೆಲ್ಲ ಹೂವಿನ ಎಸಳು ಬಿದ್ದಿದ್ದವು. ನನ್ನನ್ನು ಕಂಡು ಎದ್ದು ಬಂದು, ಬಾಲ ಅಲ್ಲಾಡಿಸಿ, ಕೈಯಿಂದಲೇ ಮೂಳೆ ತೆಗೆದುಕೊಂಡ.

ಆಮೇಲೆ ಬುರುಲ್ ಗೇಟಿನೊಳಗೆ ಕಾಲಿಟ್ಟಳು. ಅವನು ಮೂಳೆಯನ್ನು ಅಲ್ಲೇ ಬಿಟ್ಟ. ಹೋಗಿ ತೊಟ್ಟಿಲಿನ ಮುಂದೆ, ಮಗುವಿಗೂ ಅವಳಿಗೂ ನಡುವೆ ಅಡ್ಡ ನಿಂತ. ಬೊಗಳಲಿಲ್ಲ. ಗಂಟಲಿನಲ್ಲಿ ಮೆಲ್ಲಗೆ ಗುರ್ ಎನ್ನುತ್ತ ಅವಳ ಕೈಗಳನ್ನೇ ನೋಡುತ್ತಿದ್ದ.

"ಥೂ, ಬುದ್ಧಿ ಇಲ್ಲದ್ದು. ಸಾಕಿದವಳಿಗೇ ಗುರ್ ಅನ್ನತ್ತೆ" ಎಂದು ಅಜ್ಜಿ ಕೋಲು ಹುಡುಕಿದಳು.

"ಬೈಬೇಡಿ ಅಮ್ಮ. ಅವನ ಮನೆ ಅವನು ಕಾಯ್ತಿದ್ದಾನೆ" ಎಂದಳು ಬುರುಲ್. ಎರಡು ಹೆಜ್ಜೆ ಹಿಂದೆ ಸರಿದು, ಗೇಟು ಎಳೆದುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತಳು. ಅವಳ ಚಹಾವನ್ನು ನಾನು ಅಲ್ಲಿಗೇ ತಂದುಕೊಟ್ಟೆ.